ಕಡಕ್ ರೊಟ್ಟಿ ವ್ಯಾಪಾರ: ಮೂರನೇ ತಿಂಗಳಲ್ಲಿ ಕೈಚೆಲ್ಲದಿರಲು ಏನೇನು ಮಾಡಬೇಕು

ಮನೆಯಲ್ಲೇ ರೊಟ್ಟಿ ಬಡಿದು ಮಾರಲು ಶುರುಮಾಡುವವರು ಮೊದಲ ವಾರದಲ್ಲಿ ಬಿಡುವುದು ಅಪರೂಪ. ಮೊದಲ ತಿಂಗಳು ನೆಂಟರು, ಓಣಿಯವರು ಕೊಳ್ಳುತ್ತಾರೆ, ಹೊಗಳುತ್ತಾರೆ. ಎರಡನೇ ತಿಂಗಳು ಒಂದು ಖಾನಾವಳಿಯ ಆರ್ಡರ್ ಸಿಗುತ್ತದೆ, ದಿನಕ್ಕೆ ನೂರು ರೊಟ್ಟಿ ಆಗುತ್ತದೆ. ಮೂರನೇ ತಿಂಗಳ ಹೊತ್ತಿಗೆ ರಟ್ಟೆ ನೋವು ಕಾಣಿಸಿಕೊಳ್ಳುತ್ತದೆ, ಖಾನಾವಳಿಯ ಬಾಕಿ ಬಂದಿರುವುದಿಲ್ಲ, ಜೋಳದ ಅಂಗಡಿಗೆ ದುಡ್ಡು ಕೊಡಬೇಕಿರುತ್ತದೆ, ಮನೆಯಲ್ಲಿ ಯಾರೋ ಒಬ್ಬರು "ಇಷ್ಟೆಲ್ಲ ಯಾಕ ಬೇಕಿತ್ತು" ಅಂದಿರುತ್ತಾರೆ. ಆಗ ಬಾಯಿಗೆ ಬರುವ ಮಾತು: "ಯಾಕೋ ಮನಸ್ಸಽ ಇಲ್ಲ."

ಆ ಮಾತನ್ನು ಹಾಗೇ ನಂಬಿ ಕೈಬಿಟ್ಟರೆ ನಷ್ಟ. ಹುಮ್ಮಸ್ಸು ಸೋರಿಹೋಗುವ ತೂತುಗಳು ಬೇರೆ ಬೇರೆ, ಒಂದೊಂದಕ್ಕೂ ಒಂದೊಂದು ದುರಸ್ತಿ ಇದೆ. ಬೆಲೆ ತಪ್ಪಿರಬಹುದು, ಉದ್ರಿ ಹೆಚ್ಚಾಗಿರಬಹುದು, ಮೈ ದಣಿದಿರಬಹುದು, ಆಷಾಢ ಬಂದಿರಬಹುದು. ಯಾವುದು ಎಂದು ಗೊತ್ತಾಗಬೇಕಾದರೆ ಬರೆದಿಟ್ಟ ಲೆಕ್ಕ ಬೇಕು. ಈ ಲೇಖನದಲ್ಲಿ ಉತ್ತರ ಕರ್ನಾಟಕದ ಕಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಚಟ್ನಿ ಪುಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ. ಹಪ್ಪಳ, ಉಪ್ಪಿನಕಾಯಿ, ಹೋಳಿಗೆ ಮಾಡಿ ಮಾರುವವರು ಅಂಕಿಗಳನ್ನು ತಮ್ಮದಕ್ಕೆ ಬದಲಿಸಿಕೊಂಡರೆ ಸಾಕು.

ಮೊದಲು: ಮೂರು ಅಂಕಿ ಬರೆದು ಗೋಡೆಗೆ ಅಂಟಿಸಿ

ಒಲೆ ಹಚ್ಚುವ ಮುಂಚೆ ಒಂದು ಹಾಳೆಯಲ್ಲಿ ಮೂರು ಅಂಕಿ ಬರೆಯಿರಿ. ಒಂದು, ತಿಂಗಳಿಗೆ ಎಷ್ಟು ದುಡ್ಡು ಉಳಿಯಬೇಕು ಮತ್ತು ಅದು ಯಾತಕ್ಕೆ. "ನಾಲ್ಕು ಕಾಸು ಬಂದರೆ ಸಾಕು" ಅಂತ ಬರೆಯಬೇಡಿ. "6,000 ರೂಪಾಯಿ, ಮಗಳ ಕಾಲೇಜು ಫೀ ಮತ್ತು ಬಸ್ ಪಾಸಿಗೆ" ಅಂತ ಬರೆಯಿರಿ. ಎರಡು, ಈ ಕೆಲಸಕ್ಕೆ ಕೈಯಿಂದ ಹಾಕಿ ಕಳೆದುಕೊಂಡರೂ ಸಂಸಾರ ಅಲ್ಲಾಡದಂಥ ಮೊತ್ತ. ಉದಾಹರಣೆಗೆ 15,000 ರೂಪಾಯಿ. ಮೂರು, ಒಂದು ತಾರೀಖು: ಶುರುಮಾಡಿದ ದಿನದಿಂದ ಆರು ತಿಂಗಳು.

ಮೂರನೆಯದೇ ಬಹಳ ಮುಖ್ಯ. ತಾರೀಖು ಇಲ್ಲದಿದ್ದರೆ ರೊಟ್ಟಿ ಒಡೆದ ದಿನವೆಲ್ಲ, ಗಿರಾಕಿ ಗೊಣಗಿದ ದಿನವೆಲ್ಲ "ಬಿಡಲೋ ಇರಲೋ" ಎಂಬ ಪಂಚಾಯಿತಿ ತಲೆಯಲ್ಲಿ ನಡೆಯುತ್ತದೆ. ಹಿಟ್ಟು ನಾದುವುದಕ್ಕಿಂತ ಹೆಚ್ಚು ದಣಿವು ಅದರಿಂದ. ತಾರೀಖು ಗೊತ್ತಾಗಿದ್ದರೆ ಆ ಪ್ರಶ್ನೆಗೆ ಅವತ್ತೇ ಉತ್ತರ, ಅಲ್ಲಿಯವರೆಗೆ ಕೆಲಸ. ಮಧ್ಯದಲ್ಲಿ ನಿಲ್ಲಿಸಬೇಕಾದ ಒಂದೇ ಸಂದರ್ಭವೆಂದರೆ ಎರಡನೇ ಅಂಕಿ ಮುಟ್ಟಿದಾಗ.

ನಿಮ್ಮ ತಾಸಿಗೆ ಎಷ್ಟು ಬೀಳುತ್ತದೆ?

ಇದನ್ನು ಸಾವಧಾನವಾಗಿ ಮಾಡಿ, ಯಾಕೆಂದರೆ ಹುಮ್ಮಸ್ಸು ಹೆಚ್ಚಾಗಿ ಸೋರುವುದು ಇಲ್ಲೇ. ನೂರು ರೊಟ್ಟಿಯ ಒಂದು ದಿನದ ಲೆಕ್ಕ ಹೀಗಿದೆ ಅಂದುಕೊಳ್ಳಿ. ಕಿಲೋ ಹಿಟ್ಟಿಗೆ 18 ರೊಟ್ಟಿಯಂತೆ ಐದೂವರೆ ಕಿಲೋ ಹಿಟ್ಟು. ಗಿರಣಿ ಖರ್ಚು ಸೇರಿಸಿ ಕಿಲೋಗೆ 50 ಹಿಡಿದರೆ 275 ರೂಪಾಯಿ. ಗ್ಯಾಸ್ 110. ಹತ್ತರ ಕಟ್ಟಿಗೆ ಕವರ್ ಮತ್ತು ಚೀಟಿ ತಲಾ 4ರಂತೆ 40. ಮುಟ್ಟಿಸುವ ಖರ್ಚು 30. ಒಟ್ಟು 455. ನೂರರಲ್ಲಿ ಆರು ಒಡೆಯುತ್ತವೆ, ಮಾರಾಟಕ್ಕೆ ಸಿಗುವುದು 94. ಕೆಲಸದ ಹೊತ್ತು, ನಾದುವುದರಿಂದ ಹಿಡಿದು ಕಟ್ಟಿ ಮುಟ್ಟಿಸುವ ತನಕ, ಆರು ತಾಸು.

ಒಂದು ರೊಟ್ಟಿಗೆ 7 ರೂಪಾಯಿ ಇಟ್ಟರೆ 658 ಬರುತ್ತದೆ, ಖರ್ಚು ಕಳೆದು 203 ಉಳಿಯುತ್ತದೆ. ತಾಸಿಗೆ 34 ರೂಪಾಯಿ ಬಿತ್ತು. 8 ಇಟ್ಟರೆ 752 ಬರುತ್ತದೆ, 297 ಉಳಿಯುತ್ತದೆ. ತಾಸಿಗೆ ಸುಮಾರು 50. ಬೆಲೆ ಏರಿದ್ದು ಒಂದೇ ರೂಪಾಯಿ, ಉಳಿತಾಯ ಏರಿದ್ದು ಹೆಚ್ಚುಕಡಿಮೆ ಅರ್ಧದಷ್ಟು. ತಿಂಗಳಿಗೆ 25 ದಿನ ಕೆಲಸ ಅಂದರೆ 7ರ ಬೆಲೆಗೆ 5,075, 8ರ ಬೆಲೆಗೆ 7,425. ಗೋಡೆಯ ಮೇಲೆ 6,000 ಬರೆದವರಿಗೆ ಮೊದಲನೆಯ ಬೆಲೆಯಲ್ಲಿ ಎಷ್ಟು ದುಡಿದರೂ ಗುರಿ ಮುಟ್ಟುವುದಿಲ್ಲ, ಎರಡನೆಯದರಲ್ಲಿ ಮುಟ್ಟಿ ಸ್ವಲ್ಪ ಮಿಗುತ್ತದೆ. ಎಷ್ಟೋ ಜನ ತಮಗೆ ಛಲ ಸಾಲದು ಎಂದು ಕೊರಗುತ್ತಿರುತ್ತಾರೆ. ಅವರಿಗೆ ಸಾಲದಿರುವುದು ಒಂದು ರೂಪಾಯಿ.

ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ಜೋಳದ ದರ, ನಿಮ್ಮ ಕೈಯ ಅಳತೆ ಬೇರೆ. ಮೂರು ದಿನ ಸತತವಾಗಿ ಹಿಟ್ಟು ತೂಗಿ, ರೊಟ್ಟಿ ಎಣಿಸಿ, ಗಡಿಯಾರ ನೋಡಿ ಬರೆದರೆ ನಿಮ್ಮದೇ ಲೆಕ್ಕ ಸಿಗುತ್ತದೆ. ಗ್ಯಾಸಿನ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಮನೆಬಳಕೆಯ 14.2 ಕಿಲೋ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. 19 ಕಿಲೋದ ವಾಣಿಜ್ಯ ಸಿಲಿಂಡರಿನ ದರವನ್ನೇ ಮೊದಲ ದಿನದಿಂದ ಹಿಡಿಯಿರಿ. ಆಮೇಲೆ ಬದಲಿಸಿದಾಗ ಬೆಲೆ ಏರಿಸುವುದು ಗಿರಾಕಿಗೂ ಕಷ್ಟ, ನಿಮಗೂ ಸಂಕೋಚ.

ಲೆಕ್ಕದ ಪುಸ್ತಕದಲ್ಲಿ ಐದೇ ಕಲಂ ಸಾಕು: ಮಾಡಿದ ರೊಟ್ಟಿ, ಒಡೆದದ್ದು, ಮಾರಿದ್ದು, ಕೈಗೆ ಬಂದ ದುಡ್ಡು, ಉದ್ರಿ. ರಾತ್ರಿ ಊಟದ ಮುಂಚೆ ಐದು ನಿಮಿಷ. ಇಲ್ಲಿ ಒಡೆದದ್ದರ ಕಲಂ ಮೇಲೆ ಕಣ್ಣಿಡಿ. ನೂರಕ್ಕೆ ಆರು ಒಡೆಯುತ್ತಿದ್ದದ್ದು ಮೂರಕ್ಕೆ ಇಳಿದರೆ 8ರ ಬೆಲೆಯಲ್ಲಿ ದಿನಕ್ಕೆ 24, ತಿಂಗಳಿಗೆ 600 ರೂಪಾಯಿ ಮಿಕ್ಕಿತು, ಅದೂ ಒಬ್ಬ ಹೊಸ ಗಿರಾಕಿಯನ್ನೂ ಹುಡುಕದೆ. ಮಾರಾಟ ನಿಂತಂತೆ ಕಾಣುವ ವಾರದಲ್ಲೂ ಈ ಕಲಂ ಇಳಿಯುತ್ತಿರುತ್ತದೆ. ಕೈ ಪಳಗುತ್ತಿದೆ ಎನ್ನುವುದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಅದು.

ದುಡ್ಡು ಬೇರೆ ಇಡಿ. ಸಾಸಿವೆ ಡಬ್ಬಿಯಲ್ಲಿ ವ್ಯಾಪಾರದ ದುಡ್ಡೂ ತರಕಾರಿ ದುಡ್ಡೂ ಒಟ್ಟಿಗೆ ಇದ್ದರೆ ಲಾಭವಿದ್ದರೂ ಕಾಣುವುದಿಲ್ಲ. ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದು, ಅದಕ್ಕೇ ಕ್ಯುಆರ್ ಕೋಡ್ ಮಾಡಿಸಿ. ಪ್ರತಿ ಶನಿವಾರ ಆ ಖಾತೆಯಿಂದ ನಿಮ್ಮ ಕೂಲಿ ಎಂದು ಒಂದು ಮೊತ್ತ ತೆಗೆದು ನಿಮ್ಮ ಸ್ವಂತ ಖಾತೆಗೆ ಹಾಕಿಕೊಳ್ಳಿ. 500 ರೂಪಾಯಿಯೇ ಆಗಲಿ, ಬಿಡಬೇಡಿ. ದುಡಿದವರ ಕೈಗೆ ವಾರಕ್ಕೊಮ್ಮೆ ಕೂಲಿ ಬರಬೇಕು. ಮಾಡಿದವರು ಮನೆಯವರೇ ಆದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಉದ್ರಿ

ಖಾನಾವಳಿಯೊಂದು ದಿನಕ್ಕೆ 60 ರೊಟ್ಟಿ ತಗೊಂಡು ತಿಂಗಳಿಗೊಮ್ಮೆ ಲೆಕ್ಕ ಮುಗಿಸುತ್ತದೆ ಅಂದುಕೊಳ್ಳಿ. ಮೇಲಿನ ಲೆಕ್ಕದಲ್ಲಿ ಒಂದು ರೊಟ್ಟಿಯ ಅಸಲು 4 ರೂಪಾಯಿ 84 ಪೈಸೆ. 25 ದಿನಕ್ಕೆ 1,500 ರೊಟ್ಟಿ, ಅಂದರೆ 7,260 ರೂಪಾಯಿ ನಿಮ್ಮ ಜೇಬಿನದು ಅವರ ತಾಟಿನಲ್ಲಿದೆ. 15,000 ಹಾಕಿ ಶುರುಮಾಡಿದವರ ಬಂಡವಾಳದಲ್ಲಿ ಅದು ಅರ್ಧ. ಇನ್ನೊಂದು ಖಾನಾವಳಿಯೂ ಹೀಗೇ ಸಿಕ್ಕಿತು ಅಂತ ಖುಷಿಪಟ್ಟರೆ ಜೋಳ ತರಲು ದುಡ್ಡಿರುವುದಿಲ್ಲ. ಆರ್ಡರ್ ಹೆಚ್ಚಾದಷ್ಟೂ ಕೈ ಬರಿದಾಗುವ ಈ ಸ್ಥಿತಿಯಲ್ಲೇ ಬಹಳ ಜನ ಸೋತು ಕೂರುವುದು.

ಹಾಗಾಗಿ ಉದ್ರಿಗೆ ಮಿತಿ ಹಾಕಿ: ಒಂದು ವಾರ, ಅಥವಾ ಆರು ಸಲದ ಮಾಲು, ಯಾವುದು ಮೊದಲೋ ಅದು. ಇದನ್ನು ಮೊದಲ ದಿನವೇ ಹೇಳಬೇಕು. ಬಾಕಿ ಬೆಳೆದ ಮೇಲೆ ಹೇಳಿದರೆ ಜಗಳವಾಗುತ್ತದೆ. ಹೇಳುವ ರೀತಿಯೂ ನೇರವಾಗಿರಲಿ: "ಅಣ್ಣಾರ, ಈ ವಾರದ್ದು ಇಷ್ಟ ಆಗೇತ್ರಿ. ಶನಿವಾರ ಕೊಟ್ರ ಸೋಮವಾರದ ಜೋಳ ತರ್ತೀನ್ರಿ." ಕಾರಣ ಸಹಿತ ಕೇಳಿದಾಗ ಮುಜುಗರ ಎರಡೂ ಕಡೆ ಕಡಿಮೆ. ಒಬ್ಬ ಗಿರಾಕಿಗೇ ಅರ್ಧಕ್ಕಿಂತ ಹೆಚ್ಚು ಮಾಲು ಹೋಗದಂತೆಯೂ ನೋಡಿಕೊಳ್ಳಿ. ಅವರು ಬೇಡ ಅಂದ ದಿನ ನಿಮ್ಮ ವ್ಯಾಪಾರವೇ ನಿಲ್ಲಬಾರದು.

ಕಾನೂನೂ ನಿಮ್ಮ ಪರ ಇದೆ, ತಿಳಿದಿರಲಿ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ) ಮಾಡಿಸಿದ ಅತಿಸಣ್ಣ ಘಟಕದಿಂದ ಮಾಲು ಕೊಂಡವರು, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದ ಇದ್ದರೂ 45 ದಿನ ಮೀರದಂತೆ ದುಡ್ಡು ಕೊಡಬೇಕು ಎನ್ನುತ್ತದೆ 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆ. ತಡವಾದರೆ ಬಡ್ಡಿಯೂ ಸೇರುತ್ತದೆ. ಓಣಿಯ ಖಾನಾವಳಿಯ ಮೇಲೆ ದೂರು ಕೊಡಲು ಯಾರೂ ಹೋಗಲಾರರು, ಹೋಗುವುದೂ ಬೇಡ. ದೊಡ್ಡ ಅಂಗಡಿ, ಕ್ಯಾಂಟೀನ್ ಗುತ್ತಿಗೆದಾರರ ಜೊತೆ ಮಾತಾಡುವಾಗ ಈ ದಿನಗಳ ಲೆಕ್ಕವನ್ನು ಬಿಲ್ಲಿನ ಮೇಲೆ ಬರೆದುಕೊಡುವುದು ಒಳ್ಳೆಯದು. ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಜಾರಿಯಲ್ಲಿದೆ, ಸರ್ಕಾರಿ ತಾಣದಲ್ಲಿ ಪೂರ್ತಿ ಉಚಿತ. ಅದೇ ರೀತಿ ಕಾಣುವ ಖಾಸಗಿ ತಾಣಗಳು ದುಡ್ಡು ಕೇಳುತ್ತವೆ. ಆಧಾರ್ ನಂಬರ್ ಹಾಕುವ ಮುಂಚೆ ವಿಳಾಸ ನೋಡಿ.

ಕಾಗದಪತ್ರದ ಉಳಿದ ಕೆಲಸ ಒಂದು ವಾರದ್ದು. ಆಹಾರ ಮಾರಲು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕೇ ಬೇಕು. ಅದರ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಿ. ಜೊತೆಗೆ ತಿನಿಸಿನ ಹೆಸರು, ಬಳಸಿದ ಪದಾರ್ಥ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನಾಂಕ, ಬಾಳಿಕೆಯ ಅವಧಿ, ನಿಮ್ಮ ವಿಳಾಸ, ಫೋನ್, ಸಸ್ಯಾಹಾರದ ಹಸಿರು ಗುರುತು. ಆಮೇಲೆ ಮಾಡೋಣ ಎಂದು ತಳ್ಳಬೇಡಿ. ಯಾರಾದರೂ ಬಂದು ಕೇಳಿಯಾರು ಎಂಬ ಅಳುಕು ಒಳಗೇ ಕೂತಿದ್ದರೆ ಹೊಸ ಅಂಗಡಿಯ ಮೆಟ್ಟಿಲು ಹತ್ತಲು ಕಾಲು ಬರುವುದಿಲ್ಲ.

ಮಾಲು ಕೆಟ್ಟ ದಿನ

ಹತ್ತು ಕಟ್ಟು ರೊಟ್ಟಿ ವಾಪಸು ಬಂದ ದಿನ ಮನಸ್ಸು ಮುರಿಯುತ್ತದೆ. ಅವತ್ತು "ನನ್ನ ಕೈಗುಣವೇ ಸರಿಯಿಲ್ಲ" ಅಂದುಕೊಳ್ಳುವ ಬದಲು ಕಾರಣ ಹುಡುಕಲು ಕೂತರೆ ಮರುದಿನ ಒಲೆ ಮುಂದೆ ಕೂರಲು ಹಿಂಜರಿಕೆ ಇರುವುದಿಲ್ಲ. ಕಾರಣಗಳು ಲೆಕ್ಕವಿಲ್ಲದಷ್ಟೇನೂ ಇಲ್ಲ.

ಬಡಿಯುವಾಗ ಅಂಚು ಸೀಳುತ್ತಿದ್ದರೆ ಹಿಟ್ಟಿಗೆ ಜಿಗಿ ಸಾಲದು. ಜೋಳದಲ್ಲಿ ಗೋಧಿಯಂತೆ ಎಳೆಯುವ ಅಂಟು ಇಲ್ಲ. ಕುದಿಯುವ ನೀರು ಬಿದ್ದಾಗ ಅದರ ಪಿಷ್ಟ ಬೆಂದು ಅಂಟಾಗುತ್ತದೆ, ಅದೇ ಹಿಟ್ಟನ್ನು ಹಿಡಿದಿಡುವುದು. ಎಸರು ತಳಮಳ ಕುದಿಯುವ ಮುಂಚೆ ಸುರಿದರೆ, ಇಲ್ಲವೇ ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ, ಎಷ್ಟು ನಾದಿದರೂ ರೊಟ್ಟಿ ಸೀಳುತ್ತದೆ. ವಾರಕ್ಕೆ ಬೇಕಾದಷ್ಟೇ ಬೀಸಿಸಿ. ಕಾಳು ಹಿಂಗಾರಿನ ಬಿಳಿ ಜೋಳವಾಗಿರಲಿ. ಮಾಲ್ದಂಡಿ ಎಂಬ ಹಿಂಗಾರಿ ತಳಿಗೆ ರೊಟ್ಟಿಯವರ ನಡುವೆ ಮರ್ಯಾದೆ ಇರುವುದು ಸುಮ್ಮನೆ ಅಲ್ಲ. ಮುಂಗಾರಿನ ಜೋಳ ತೆನೆಯಲ್ಲಿರುವಾಗ ಮಳೆಗೆ ಸಿಕ್ಕರೆ ಕಾಳು ಕಪ್ಪಾಗಿ ಬೂಸ್ಟು ಹಿಡಿಯುತ್ತದೆ, ರೊಟ್ಟಿಯ ಬಣ್ಣ ರುಚಿ ಎರಡೂ ಕೆಡುತ್ತವೆ. ಹಿಂಗಾರಿನ ಸುಗ್ಗಿಯ ನಂತರ, ಫೆಬ್ರುವರಿ–ಮಾರ್ಚ್ ಹೊತ್ತಿಗೆ, ಹೊಸ ಜೋಳ ಪೇಟೆಗೆ ಬಂದು ದರ ಇಳಿದಾಗ ಒಂದೆರಡು ಕ್ವಿಂಟಲ್ ತಗೊಂಡು ಚೆನ್ನಾಗಿ ಒಣಗಿಸಿ, ಬೇವಿನ ಎಲೆ ಹಾಕಿ ಇಟ್ಟರೆ ಮಳೆಗಾಲದ ದರ ಏರಿಕೆ ತಟ್ಟುವುದಿಲ್ಲ.

ಕಡಕ್ ಇದ್ದದ್ದು ಅಂಗಡಿಯಲ್ಲಿ ಎರಡೇ ದಿನಕ್ಕೆ ಮೆತ್ತಗಾದರೆ ಎರಡು ಕಡೆ ನೋಡಿ. ರೊಟ್ಟಿಯ ನಡುಭಾಗದಲ್ಲಿ ತೇವ ಉಳಿದಿರಬಹುದು. ಹಂಚಿನಿಂದ ತೆಗೆದ ಮೇಲೆ ಸಣ್ಣ ಉರಿಯಲ್ಲಿ, ನಡುವೆ ಒತ್ತಿದರೆ ಪಟ್ ಎಂದು ಮುರಿಯುವ ತನಕ ಒಣಗಿಸಬೇಕು. ಅಥವಾ ಬಿಸಿ ಇರುವಾಗಲೇ ಕವರಿಗೆ ಹಾಕಿರಬಹುದು. ಒಳಗೆ ಆವಿ ನೀರಾಗಿ ನಿಂತು ಮೊದಲು ಮೆತ್ತಗೆ, ಆಮೇಲೆ ಬೂಸ್ಟು. ಪೂರ್ತಿ ಆರಿದ ಮೇಲೆ ದಪ್ಪ ಕವರಿಗೆ ಹಾಕಿ ಬಿಸಿ ಸೀಲ್ ಒತ್ತಿ. ಮಳೆಗಾಲದಲ್ಲಿ ಆರಲು ಬಿಟ್ಟ ರೊಟ್ಟಿಯೇ ಗಾಳಿಯ ತೇವ ಎಳೆಯುತ್ತದೆ, ಆದ್ದರಿಂದ ಆ ತಿಂಗಳುಗಳಲ್ಲಿ ಸಣ್ಣ ಸಣ್ಣ ಗುಂಪಾಗಿ ಮಾಡಿ, ಆರಿದ ಕೂಡಲೇ ಕಟ್ಟಿ.

ಚಟ್ನಿ ಪುಡಿ ಕಮಟು ವಾಸನೆ ಬಂದರೆ ಶೇಂಗಾದ ಎಣ್ಣೆ ಗಾಳಿ, ಬೆಳಕು, ಬಿಸಿಗೆ ಸಿಕ್ಕಿ ಕೆಟ್ಟಿದೆ. ಬೇಗ ಬೂಸ್ಟು ಬಂದರೆ ಬಹುತೇಕ ಹಸಿ ಬೆಳ್ಳುಳ್ಳಿಯ ತೇವ. ಬೆಳ್ಳುಳ್ಳಿಯನ್ನು ಹುರಿದು ತೇವ ತೆಗೆದು ಹಾಕಿ. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತದೆ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಸ್ವಲ್ಪ ಗುಂಟೂರು. ಸುಕ್ಕಾದ, ಬಣ್ಣಗೆಟ್ಟ, ಬೂಸ್ಟು ಹಿಡಿದ ಶೇಂಗಾ ಕಾಳನ್ನು ಮುಲಾಜಿಲ್ಲದೆ ಆರಿಸಿ ಎಸೆಯಿರಿ. ಅಂಥ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷವಿರಬಹುದು, ಹುರಿದ ಮಾತ್ರಕ್ಕೆ ಅದು ಪೂರ್ತಿ ಹೋಗುವುದಿಲ್ಲ. ನಮ್ಮ ಕೈಯ ಅಡುಗೆ ಉಂಡವರ ಮೈ ಕೆಡಬಾರದು. ಇಲ್ಲಿ ಉಳಿತಾಯ ನೋಡಲೇಬೇಡಿ.

ತಪ್ಪು ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹಿಟ್ಟು, ನೀರು, ಕವರ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಎಂದು ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಾಟ. ಪ್ರತಿ ದಿನದ ಮಾಲಿನಿಂದ ಒಂದು ಕಟ್ಟು, ವಾರಕ್ಕೊಂದು ಚಟ್ನಿ ಪೊಟ್ಟಣ ತಾರೀಖು ಬರೆದು ಮನೆಯಲ್ಲೇ ಇಟ್ಟುಕೊಳ್ಳಿ. ಗಿರಾಕಿ ದೂರಿದಾಗ ಅದನ್ನು ಬಿಚ್ಚಿ ನೋಡಿದರೆ ತಪ್ಪು ನಿಮ್ಮದೋ, ಅಂಗಡಿಯಲ್ಲಿ ಬಿಸಿಲಿಗೆ ಇಟ್ಟದ್ದೋ ಗೊತ್ತಾಗುತ್ತದೆ.

ಮೈ ದಣಿದರೆ ಮನಸ್ಸೂ ದಣಿಯುತ್ತದೆ

ನೆಲದ ಮೇಲೆ ಮೂರು ತಾಸು ಕೂತು ರೊಟ್ಟಿ ಬಡಿದರೆ ಸೊಂಟ, ಮೊಣಕಾಲು, ಬಲ ಭುಜ ಮೂರೂ ಕೂಗುತ್ತವೆ. ಸೊಂಟದೆತ್ತರದ ಕಟ್ಟೆ ಮಾಡಿಸಿ ನಿಂತು ಬಡಿಯುವುದನ್ನು ರೂಢಿ ಮಾಡಿಕೊಳ್ಳಿ. ಕಾಲ ಕೆಳಗೆ ಮಡಿಚಿದ ಗೋಣಿತಾಟು, ಕಿಟಕಿಗೆ ಹೊರಗೆಳೆಯುವ ಫ್ಯಾನು. 25 ರೊಟ್ಟಿಗೊಮ್ಮೆ ಐದು ನಿಮಿಷ ನಿಲ್ಲಿಸಿ ನೀರು ಕುಡಿಯಿರಿ. ನಾದುವುದು ಒಬ್ಬರು, ಬಡಿಯುವುದು ಒಬ್ಬರು, ಬೇಯಿಸುವುದು ಒಬ್ಬರು ಎಂದು ಇಬ್ಬರು ಮೂವರಿದ್ದಾಗ ತಾಸಿಗೊಮ್ಮೆ ಕೆಲಸ ಬದಲಿಸಿಕೊಳ್ಳಿ.

ವಾರಕ್ಕೆ ಒಂದು ದಿನ ಒಲೆ ಹಚ್ಚಬಾರದು. ಆ ದಿನ ಯಾವುದು ಎಂದು ಎಲ್ಲ ಗಿರಾಕಿಗಳಿಗೂ ಮೊದಲೇ ಗೊತ್ತಿರಲಿ, ಹಿಂದಿನ ದಿನ ಹೆಚ್ಚು ಕೊಟ್ಟರಾಯಿತು; ಕಡಕ್ ರೊಟ್ಟಿಯ ಗುಣವೇ ಅದು, ಇಟ್ಟರೆ ಕೆಡುವುದಿಲ್ಲ. ರಜೆ ಇಲ್ಲದೆ ದುಡಿದವರು ಎರಡು ತಿಂಗಳಾದ ಮೇಲೆ ಒಂದು ವಾರ ಮಲಗುತ್ತಾರೆ, ಗಿರಾಕಿ ಹೇಳದೆ ಕೇಳದೆ ಬೇರೆ ಕಡೆ ಹೋಗಿರುತ್ತಾರೆ.

ಮನೆಯವರ ಗೊಣಗಾಟಕ್ಕೂ ಇಲ್ಲೇ ಮದ್ದಿದೆ. ಕೆಲಸದ ಹೊತ್ತು ಗೊತ್ತುಮಾಡಿ: ಬೆಳಿಗ್ಗೆ 5ರಿಂದ 8, ಮಧ್ಯಾಹ್ನ 2ರಿಂದ 5, ಹೀಗೆ. ಆರ್ಡರ್ ಫೋನ್ ರಾತ್ರಿ 8ರ ನಂತರ ಎತ್ತಬೇಡಿ. ತಿಂಗಳ ಕೊನೆಗೆ ಲೆಕ್ಕದ ಪುಸ್ತಕವನ್ನು ಗಂಡ, ಅತ್ತೆ, ಮಕ್ಕಳ ಮುಂದೆ ಬಿಚ್ಚಿ ಓದಿ. "ಫೀ ಕಟ್ಟಿದ್ದು ಇದರಿಂದ" ಎಂದು ಅಂಕಿ ಸಮೇತ ಕೇಳಿದ ಮನೆಯವರು ಮರುದಿನ ಗಿರಣಿಗೆ ತಾವೇ ಹೋಗಿಬರುತ್ತಾರೆ.

ಯಾವ ತಿಂಗಳು ಇಳಿಯುತ್ತದೆ ಎಂದು ಮೊದಲೇ ಗೊತ್ತಿರಲಿ

ವ್ಯಾಪಾರ ಇಳಿದಾಗಲೆಲ್ಲ ತಪ್ಪು ತಮ್ಮದೇ ಎಂದು ಬಗೆಯುವುದು ಹೊಸಬರ ಅಭ್ಯಾಸ. ಪಂಚಾಂಗ ನೋಡಿ ವರ್ಷದ ಪಟ್ಟಿ ಬರೆಯಿರಿ. ಆಷಾಢದಲ್ಲಿ ಮದುವೆ ಮುಂಜಿ ಇಲ್ಲ, ದೊಡ್ಡ ಆರ್ಡರ್ ಇಲ್ಲ, ಮಳೆ ಬೇರೆ. ನಾಗರ ಪಂಚಮಿಗೆ ಉಂಡಿ, ಅಳ್ಳು, ಚಟ್ನಿ ಪುಡಿ ಕೇಳುತ್ತಾರೆ. ಎಳ್ಳಮಾವಾಸ್ಯೆಯ ಚರಗಕ್ಕೆ (ಹೊಲದಲ್ಲಿ ಎಡೆ ಚೆಲ್ಲುವ ಹಬ್ಬಕ್ಕೆ) ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆಯ ಸುಗ್ಗಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳವರು ಲಕ್ಷಗಟ್ಟಲೆ ರೊಟ್ಟಿ ಮಾಡಿ ಕಳಿಸುತ್ತಾರೆ. ಆ ದಿನಗಳಲ್ಲಿ ಆ ಭಾಗದಲ್ಲಿ ಸಹಾಯಕ್ಕೆ ಕೈ ಸಿಗುವುದೇ ಕಷ್ಟ, ಆರ್ಡರ್ ಒಪ್ಪುವಾಗ ನೆನಪಿರಲಿ. ಧಾರವಾಡದಂಥ ಊರಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರೇ ಗಿರಾಕಿಗಳಾದರೆ ಕಾಲೇಜು ರಜೆ ಬಿದ್ದ ಕೂಡಲೇ ಮಾರಾಟ ಅರ್ಧಕ್ಕೆ ಇಳಿಯಬಹುದು. ಬೇಸಿಗೆ ರಜೆಯಲ್ಲಿ ಊರಿಗೆ ಬಂದವರು ಬೆಂಗಳೂರಿಗೋ ಅಮೆರಿಕಕ್ಕೋ ಕಟ್ಟಿಸಿಕೊಂಡು ಹೋಗುವಾಗ ಮತ್ತೆ ಏರುತ್ತದೆ.

ಇಳಿಯುವ ತಿಂಗಳಿಗೆ ಕೆಲಸ ಮೊದಲೇ ಗೊತ್ತುಮಾಡಿ. ಒಲೆ ದುರಸ್ತಿ, ಹೊಸ ಚೀಟಿ ಅಚ್ಚು, ಬಾಕಿ ವಸೂಲಿ, ಹೊಸ ಚಟ್ನಿಯ ಪ್ರಯೋಗ (ಅಗಸಿ, ಗುರೆಳ್ಳು), ಹಳೆಯ ಗಿರಾಕಿಗಳಿಗೆ ಒಂದು ಫೋನು. ಮತ್ತು ಮಾರಾಟವನ್ನು ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ. ಎರಡನೇ ವರ್ಷದಲ್ಲಿ ಈ ಆಷಾಢವನ್ನು ಹೋದ ಆಷಾಢದ ಜೊತೆ ಹೋಲಿಸಿ. ಮೊದಲ ವರ್ಷದಲ್ಲಿ ಹೋಲಿಸಲು ಹಳೆಯದು ಇರುವುದಿಲ್ಲ, ಆಗ ಬೇರೆ ಅಳತೆ ಬೇಕು: ಮೂರನೇ ಸಲ ಕೊಂಡವರು ಎಷ್ಟು ಜನ? ಮೊದಲ ಸಲ ಕುತೂಹಲಕ್ಕೆ, ಎರಡನೇ ಸಲ ದಾಕ್ಷಿಣ್ಯಕ್ಕೆ ಕೊಳ್ಳುವವರು ಇದ್ದಾರೆ. ಮೂರನೇ ಸಲ ಕೇಳಿ ಬಂದವರು ರುಚಿಗೆ ಬಂದವರು. ಅವರ ಹೆಸರು ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯಿರಿ. ಇಪ್ಪತ್ತು ಮನೆ ಆದರೆ ನಿಮ್ಮ ವ್ಯಾಪಾರ ನೆಲೆಯೂರಿದೆ ಎಂದೇ ಅರ್ಥ.

ಒಬ್ಬರೇ ಇರಬೇಡಿ

ಒಂಟಿಯಾಗಿ ಮಾಡುವವರಿಗೆ ದರ ಏರಿದ್ದೂ, ಗಿರಾಕಿ ಕೈಕೊಟ್ಟದ್ದೂ ತಮಗೊಬ್ಬರಿಗೇ ಆದಂತೆ ಕಾಣುತ್ತದೆ. ಸ್ತ್ರೀಶಕ್ತಿ ಸಂಘ, ಸಂಜೀವಿನಿ ಒಕ್ಕೂಟ ಯಾವುದಾದರೂ ಸರಿ, ವಾರದ ಸಭೆಯಲ್ಲಿ ಹತ್ತು ನಿಮಿಷ ವ್ಯಾಪಾರದ ಮಾತಿಗೆ ಮೀಸಲಿಡಿಸಿ. ಕಲಬುರಗಿಯಲ್ಲಿ ಮಹಿಳಾ ಸಂಘಗಳ ರೊಟ್ಟಿಯನ್ನು "ಕಲಬುರಗಿ ರೊಟ್ಟಿ" ಎಂಬ ಒಂದೇ ಹೆಸರಿನಲ್ಲಿ ಆನ್‌ಲೈನ್ ಮಾರಾಟಕ್ಕೆ ತಂದಿದ್ದಾರೆ. ಒಬ್ಬೊಬ್ಬರ ಕೈಯಿಂದಾಗದ ದೊಡ್ಡ ಆರ್ಡರನ್ನು ಹತ್ತು ಮನೆ ಹಂಚಿಕೊಂಡು ಮುಗಿಸಬಹುದು. ಆದರೆ ಅಳತೆ, ದಪ್ಪ, ಒಣಗಿಸುವಿಕೆ ಒಂದೇ ಆಗಿರಬೇಕು, ಇಲ್ಲದಿದ್ದರೆ ಒಬ್ಬರ ಮೆತ್ತಗಿನ ರೊಟ್ಟಿ ಎಲ್ಲರ ಹೆಸರು ಕೆಡಿಸುತ್ತದೆ.

ತರಬೇತಿ ಬೇಕಾದವರು ಜಿಲ್ಲೆಯ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗೆ ಹೋಗಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ (ಸ್ವ-ಉದ್ಯೋಗ ತರಬೇತಿ ಸಂಸ್ಥೆ) ಮಾದರಿಯಲ್ಲೇ ದೇಶದ ಜಿಲ್ಲೆಗಳಲ್ಲಿ ಇವು ಹುಟ್ಟಿಕೊಂಡವು. ಊಟ ವಸತಿ ಸಹಿತ ತರಬೇತಿ ಉಚಿತ, ಅದಕ್ಕಿಂತ ಬೆಲೆಬಾಳುವುದು ತರಬೇತಿ ಮುಗಿದ ಮೇಲೂ ಎರಡು ವರ್ಷ ಅವರು ಬೆನ್ನಿಗೆ ನಿಂತು ವಿಚಾರಿಸುವ ಪದ್ಧತಿ. ಆ ಫೋನ್ ಬಂದಾಗ "ಎಲ್ಲಾ ಚಲೋ ಐತ್ರಿ" ಅಂದು ಇಟ್ಟುಬಿಡಬೇಡಿ. ಎಲ್ಲಿ ಸಿಕ್ಕಿಕೊಂಡಿದ್ದೀರಿ ಎಂದು ಹೇಳಿ.

ಬೆಳೆಸುವ ಹೊತ್ತು

ಯಂತ್ರ ಕೊಳ್ಳುವ ಆಸೆ ಮೊದಲ ಲಾಭದ ತಿಂಗಳಲ್ಲೇ ಹುಟ್ಟುತ್ತದೆ. ಅದಕ್ಕೆ ಮುಂಚೆ ಇನ್ನೊಂದು ಸಣ್ಣ ಪುಸ್ತಕ ಇಡಿ: ನೀವು "ಆಗಲ್ರಿ" ಎಂದು ವಾಪಸು ಕಳಿಸಿದ ಆರ್ಡರುಗಳದ್ದು. ತಾರೀಖು, ಯಾರು, ಎಷ್ಟು ರೊಟ್ಟಿ. ಮೂರು ತಿಂಗಳು ಬಿಡದೆ ದಿನಕ್ಕೆ ಸರಾಸರಿ ಇಷ್ಟು ವಾಪಸು ಹೋಗಿದೆ ಎಂದು ಕಂಡರೆ ಮಾತ್ರ ದೊಡ್ಡದು ಮಾಡುವ ಯೋಚನೆ. ಮದುವೆ ತಿಂಗಳ ಒಂದು ದೊಡ್ಡ ಆರ್ಡರ್ ನೋಡಿ ಸಾಲ ಮಾಡಿದವರು ಆಷಾಢದಲ್ಲಿ ಕಂತು ಕಟ್ಟಲಾಗದೆ ನಿದ್ದೆಗೆಡುತ್ತಾರೆ.

ಕಂತನ್ನು ರೊಟ್ಟಿಯಲ್ಲಿ ಎಣಿಸಿ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಬಡ್ಡಿ ವರ್ಷಕ್ಕೆ ನೂರಕ್ಕೆ 12, ಅವಧಿ ಮೂರು ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 1,661. 8ರ ಬೆಲೆಯಲ್ಲಿ ಒಂದು ರೊಟ್ಟಿಗೆ ಉಳಿಯುವುದು 3 ರೂಪಾಯಿ 16 ಪೈಸೆ. ಅಂದರೆ ತಿಂಗಳಿಗೆ 526 ರೊಟ್ಟಿ, ದಿನಕ್ಕೆ 21 ಹೆಚ್ಚುವರಿ ರೊಟ್ಟಿ ಬರೀ ಕಂತಿಗೆ. ವಾಪಸು ಕಳಿಸಿದ ಪುಸ್ತಕದಲ್ಲಿ ದಿನಕ್ಕೆ 60 ಇದ್ದರೆ ಧೈರ್ಯವಾಗಿ ಮುಂದೆ ಹೋಗಿ, 25 ಇದ್ದರೆ ಇನ್ನೂ ಕಾಯಿರಿ. ದೊಡ್ಡ ಯಂತ್ರಕ್ಕೆ 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ (ಪಿಎಂಎಫ್‌ಎಂಇ) ಸಹಾಯಧನ ನೂರಕ್ಕೆ 35ರಷ್ಟಿದೆ; ಈ ವರ್ಷ ಅರ್ಜಿ ತಗೊಳ್ಳುತ್ತಿದ್ದಾರೆಯೇ ಎಂದು ಕೃಷಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳಿ. ಸಹಾಯಧನ ಸಿಗುತ್ತದೆಂದು ಬೇಡದ ಯಂತ್ರ ತರುವುದು ಮಾತ್ರ ಬೇಡ.

ಯಂತ್ರಕ್ಕಿಂತ ಮುಂಚೆ ಒಬ್ಬ ಸಹಾಯಕಿ. ಮೊದಲು ಅರ್ಧ ದಿನ, ಒಂದು ತಿಂಗಳು. ಬಡಿಯುವ ಕೆಲಸವನ್ನೇ ಮೊದಲು ಬಿಟ್ಟುಕೊಡಿ ಎನ್ನುತ್ತಾರೆ ಕೆಲವರು. ನಮ್ಮ ಅಭಿಪ್ರಾಯದಲ್ಲಿ ಮೊದಲು ಬಿಡಬೇಕಾದದ್ದು ಬೇಯಿಸುವುದು, ಕಟ್ಟುವುದು. ರುಚಿ, ಅಳತೆ ನಿಮ್ಮ ಕೈಯಲ್ಲೇ ಇದ್ದು ಹೊತ್ತು ಉಳಿಯುತ್ತದೆ. ಹಿಟ್ಟಿಗೆ ನೀರು ಎಷ್ಟು ಲೋಟ, ಉಪ್ಪು ಎಷ್ಟು ಚಮಚ, ಉಂಡೆಯ ತೂಕ ಎಷ್ಟು ಎಂದು ಗೋಡೆಯ ಮೇಲೆ ಬರೆಯಿರಿ. ನಿಮಗೆ ಕೈಯಳತೆ ಗೊತ್ತು, ಅವರಿಗೆ ಗೊತ್ತಿಲ್ಲ. ಉಂಡೆಯನ್ನು ಎರಡು ವಾರ ತಕ್ಕಡಿಯಲ್ಲೇ ತೂಗಿಸಿ.

ಆಮೇಲೆ ಒಂದು ಸಲ ಬೇಕೆಂದೇ ಊರಿಗೆ ಹೋಗಿ. ಎರಡೇ ದಿನ, ಹಬ್ಬವಿಲ್ಲದ ವಾರದಲ್ಲಿ, ಬಡಿಯುವುದನ್ನು ಮನೆಯವರಿಗೋ ಸಂಘದ ಗೆಳತಿಗೋ ಒಪ್ಪಿಸಿ. ಆರ್ಡರ್ ಚೀಟಿ, ಬೀರುವಿನ ಕೀಲಿ, ಚಿಲ್ಲರೆ 500 ರೂಪಾಯಿ ಸಹಾಯಕಿಯ ಕೈಗೆ ಕೊಟ್ಟು, ಮಧ್ಯೆ ಫೋನ್ ಮಾಡದೆ ಇರಿ. ವಾಪಸು ಬಂದ ಸಂಜೆ ಪುಸ್ತಕ ಬಿಚ್ಚಿ ಮೊದಲು ಎರಡನೇ ಕಲಂ ನೋಡಿ. ಒಡೆದದ್ದು ನೂರಕ್ಕೆ ಹತ್ತರೊಳಗಿದ್ದರೆ ಅವರಿಗೆ ಬಡಿಯುವುದನ್ನೂ ಕಲಿಸಲು ಶುರುಮಾಡಿ.